ಸರ್ವೀಸ್ ಬುಕ್ ಇಲ್ಲದ ನೌಕರಿ

ಸರ್ಕಾರಿ ನೌಕರರಿಗೆ ಸರ್ವೀಸ್ ಬುಕ್ ಅಂತ ಒಂದಿರುತ್ತದೆ. ಸೇರಿದ ದಿನ, ವರ್ಗಾವಣೆ, ಬಡ್ತಿ, ರಜೆ, ಒಮ್ಮೊಮ್ಮೆ ಕಾರಣ ಕೇಳಿ ಕೊಟ್ಟ ನೋಟಿಸು, ಎಲ್ಲವನ್ನೂ ಬೇರೆ ಯಾರೋ ಅದರಲ್ಲಿ ಬರೆದಿಡುತ್ತಾರೆ. ನನ್ನ ಅಪ್ಪ ಗದಗ ಸೀಮೆಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ನಿವೃತ್ತಿಯ ವರ್ಷ ಆ ಪುಸ್ತಕದ ಜೆರಾಕ್ಸ್ ತಂದು, ಪಡಸಾಲೆಯಲ್ಲಿ ಕೂತು ಹಾಳೆ ಹಾಳೆ ಓದಿದ್ದರು. ಎರಡು ದಶಕ ದಾಟಿದ ನನ್ನ ವೃತ್ತಿಗೆ ಅಂಥದ್ದೊಂದು ಪುಸ್ತಕವಿಲ್ಲ. ಟಿ.ವಿ. ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುವವಳು ನಾನು. ಯಾವ ಸಂಸ್ಥೆಯ ಹಾಜರಿ ಪುಸ್ತಕದಲ್ಲೂ ನನ್ನ ಹೆಸರಿಲ್ಲ. ಬರೆದರೆ ದುಡ್ಡು, ಬರೆಯದಿದ್ದರೆ ಇಲ್ಲ. ಜ್ವರ ಬಂದರೆ ಅದು ರಜೆಯಲ್ಲ, ಬರೀ ಜ್ವರ. ಹಾಗಾಗಿ ಡಿಸೆಂಬರ್ ಕೊನೆಯ ವಾರ ನನ್ನ ಗುಮಾಸ್ತಿಕೆಯನ್ನು ನಾನೇ ಮಾಡಿಕೊಳ್ಳುತ್ತೇನೆ.

ತಕರಾರು ಶುರುವಾಗುವುದು ಏನನ್ನು ಎಣಿಸಬೇಕು ಅನ್ನುವಲ್ಲೇ. ಧಾರಾವಾಹಿಗಳ ಹೆಸರು ಬರೆಯುತ್ತ ಹೋದರೆ ಪಟ್ಟಿ ಉದ್ದವಾಗುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಕಡೆ ನಾನು ಬರೆದದ್ದು ನಡುವಿನ ಕೆಲವು ತಿಂಗಳು. ಆರಂಭ ಒಬ್ಬರದು, ಮುಕ್ತಾಯ ಇನ್ನೊಬ್ಬರದು. ಟಿಆರ್‌ಪಿ ಬರೆಯೋಣವೆಂದರೆ, ಗುರುವಾರ ಗುರುವಾರ ಪ್ರೇಕ್ಷಕರ ಲೆಕ್ಕ ಇಡುವ ಬಾರ್ಕ್‌ನಿಂದ ಬರುವ ಆ ಅಂಕಿ ಬರವಣಿಗೆಯೊಂದರದೇ ಅಲ್ಲ. ಅದರಲ್ಲಿ ಸ್ಲಾಟ್‌ನ ಪಾಲಿದೆ, ಹಿಂದಿನ ಅರ್ಧ ಗಂಟೆಯ ಧಾರಾವಾಹಿ ಕೂರಿಸಿಕೊಟ್ಟ ಪ್ರೇಕ್ಷಕರ ಪಾಲಿದೆ, ಆ ವಾರ ಕ್ರಿಕೆಟ್ ಇತ್ತೋ ಇಲ್ಲವೋ ಅನ್ನುವುದರ ಪಾಲಿದೆ. ಅಂಕಿ ಏರಿದರೆ ನಾಯಕಿಯ ಫೋಟೋ ಇರುವ ಕೇಕು ಸೆಟ್ಟಿಗೆ ಬರುತ್ತದೆ, ಇಳಿದರೆ ಫೋನು ರೈಟರ್‌ಗೆ ಬರುತ್ತದೆ. ಇನ್ನು ಟೈಟಲ್ ಕಾರ್ಡು. ಶೀರ್ಷಿಕೆ ಗೀತೆಯನ್ನು ಪೂರ್ತಿ ಹಾಕುತ್ತಿದ್ದ ಕಾಲದಲ್ಲಿ ಸಂಭಾಷಣೆಕಾರರ ಹೆಸರು ಒಂದು ಉಸಿರು ಎಳೆಯುವಷ್ಟು ಹೊತ್ತಾದರೂ ಪರದೆಯ ಮೇಲೆ ನಿಲ್ಲುತ್ತಿತ್ತು. ಈಗ ಹಾಡಿಗೇ ಕತ್ತರಿ ಬಿದ್ದಿದೆ, ಮೊಬೈಲಿನಲ್ಲಿ ನೋಡುವವರಿಗೆ ಅಷ್ಟನ್ನೂ ಹಾರಿಸುವ ಗುಂಡಿ ಬೇರೆ ಕೊಟ್ಟಿದ್ದಾರೆ.

ನನ್ನಂಥವರನ್ನು ಬರಹದಲ್ಲಿ ಕಲಾವಿದರ ಸಾಲಿಗೆ ಸೇರಿಸಿರುವುದು ಆದಾಯ ತೆರಿಗೆಯ ನಿಯಮ. ಸಿನಿಮಾ ಕಲಾವಿದರು ಅಂದರೆ ಯಾರು ಅನ್ನುವುದಕ್ಕೆ ಆ ನಿಯಮದಲ್ಲೊಂದು ಪಟ್ಟಿಯಿದೆ: ನಟ, ಕ್ಯಾಮರಾಮನ್, ನಿರ್ದೇಶಕ, ಸಂಗೀತ ನಿರ್ದೇಶಕ, ಹೀಗೆ ಸಾಗಿ ಕಥೆಗಾರ, ಚಿತ್ರಕಥೆಗಾರ, ಸಂಭಾಷಣೆಕಾರ, ವಸ್ತ್ರವಿನ್ಯಾಸಕರವರೆಗೆ ಬರುತ್ತದೆ. ನನ್ನ ಲೆಕ್ಕ ನೋಡುವ ಆಡಿಟರು ಇದನ್ನು ತೋರಿಸಿದ ದಿನ ನನಗೆ ಪ್ರಶಸ್ತಿ ಬಂದಷ್ಟೇ ಖುಷಿಯಾಗಿತ್ತು. ನಿರ್ಮಾಣ ಸಂಸ್ಥೆಗಳು ಸಂಭಾವನೆಯಲ್ಲಿ ಶೇಕಡಾ 10ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತವೆ. ಯಾರು, ಯಾವಾಗ, ಎಷ್ಟು ಮುರಿದು ಸರ್ಕಾರಕ್ಕೆ ಕಟ್ಟಿದರು ಅನ್ನುವುದು 26ಎಎಸ್ ನಮೂನೆಯಲ್ಲಿ ಸಿಗುತ್ತದೆ. ಸರ್ವೀಸ್ ಬುಕ್ಕಿಗೆ ಹತ್ತಿರದ ನೆಂಟ ಅಂತ ನನಗಿರುವುದು ಆ ಕಾಗದವೊಂದೇ. ಯಾವ ವರ್ಷ ಕೈತುಂಬ ಕೆಲಸವಿತ್ತು, ಯಾವ ವರ್ಷ ಬೇಸಿಗೆಯಿಂದ ದಸರೆಯವರೆಗೆ ಖಾಲಿ ಕೂತೆ, ಯಾರು ಮುರಿದುಕೊಂಡ ದುಡ್ಡನ್ನು ಕಟ್ಟದೇ ಬಿಟ್ಟರು, ಎಲ್ಲ ಅದರಲ್ಲಿ ಕಾಣುತ್ತದೆ. ಏನು ಬರೆದೆ ಅನ್ನುವುದು ಮಾತ್ರ ಕಾಣುವುದಿಲ್ಲ.

ಈ ವರ್ಷದ ಬಾಬತ್ತುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಸಂಭಾಷಣೆ ಬರೆಯುತ್ತಿದ್ದ ಧಾರಾವಾಹಿ ಮಳೆಗಾಲದಲ್ಲಿ ವೈಂಡಪ್ ಆಯಿತು. ಆ ಸುದ್ದಿ ನನಗೆ ಚಾನೆಲ್‌ನಿಂದ ಬರಲಿಲ್ಲ, ಕಾಸ್ಟ್ಯೂಮ್ ನೋಡಿಕೊಳ್ಳುವ ಹುಡುಗ, "ಅಕ್ಕಾ, ನಾಯಕಿ ಸೀರೆಗಳನ್ನೆಲ್ಲ ವಾಪಸ್ ಕೊಡ್ತಿದ್ದಾರೆ, ಏನು ಸಮಾಚಾರ?" ಅಂತ ಕೇಳಿದ. ವರ್ಷಗಟ್ಟಲೆ ಕಟ್ಟಿದ್ದ ಗಂಟುಗಳನ್ನು ಒಂದು ವಾರದ ಸಂಚಿಕೆಗಳಲ್ಲಿ ಬಿಚ್ಚಬೇಕಾಯಿತು: ಖಳನಾಯಕಿಗೆ ಪಶ್ಚಾತ್ತಾಪ, ಜೈಲಿನಲ್ಲಿದ್ದವನಿಗೆ ಬಿಡುಗಡೆ, ಎಲ್ಲರೂ ಸೇರಿ ದೇವಸ್ಥಾನದಲ್ಲಿ ಗ್ರೂಪ್ ಫೋಟೋ. ಆಮೇಲೆ ಒಂದು ಡಬ್ಬಿಂಗ್ ಕೆಲಸ, ಇಲಾಖೆಯೊಂದಕ್ಕೆ ಕಿರುಸಾಕ್ಷ್ಯಚಿತ್ರ, ಮತ್ತೊಬ್ಬ ನಿರ್ಮಾಪಕರಿಗೆ ಹೊಸ ಧಾರಾವಾಹಿಯ ಪ್ರಸ್ತಾವ. ಕಥೆಯ ಒನ್‌ಲೈನ್, ಪಾತ್ರಗಳ ವಿವರ, ಮೊದಲ ಕೆಲವು ವಾರಗಳ ಸೀನ್ ಆರ್ಡರ್, ಪ್ರೊಮೋದ ಐಡಿಯಾ ಎಲ್ಲ ಅದರಲ್ಲಿ ಬರೆದುಕೊಟ್ಟಿದ್ದೆ. ಚಾನೆಲ್ ಒಪ್ಪಲಿಲ್ಲ, ದುಡ್ಡೂ ಬರಲಿಲ್ಲ. "ಮುಂದಿನದಕ್ಕೆ ನೀವೇ ಮೇಡಂ" ಅಂದರು. ಈ ಕಸುಬಿನಲ್ಲಿ ಅತಿ ಹೆಚ್ಚು ಚಲಾವಣೆಯಲ್ಲಿರುವ ನಾಣ್ಯ ಅದು, ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ.

ನಾನು ಧಾರವಾಡದಿಂದ ಬೆಂಗಳೂರಿಗೆ ಬಂದಾಗ ಈಟಿವಿ ಕನ್ನಡ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. 2000ದ ಡಿಸೆಂಬರಿನಲ್ಲಿ ಅದು ಆರಂಭವಾಗಿತ್ತು. ಉದಯ ಟಿವಿ 1994ರಿಂದಲೇ ಇತ್ತು. ದೂರದರ್ಶನದಲ್ಲಿ 1998ರಲ್ಲಿ ಬಂದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ದಿನವಹಿ ಧಾರಾವಾಹಿಗೆ ಓದುಬರಹ ಬಲ್ಲ ಮನೆಗಳಲ್ಲೂ ಗೌರವ ತಂದುಕೊಟ್ಟಿತ್ತು. ನನ್ನ ಕೈಯಲ್ಲಿದ್ದ ಬಂಡವಾಳ ಕನ್ನಡ ಎಂ.ಎ. ಮತ್ತು ಧಾರವಾಡ ಆಕಾಶವಾಣಿಗೆ ಬರೆದ ಕೆಲವು ನಾಟಕಗಳು. ರೇಡಿಯೋ ನಾಟಕದಲ್ಲಿ ಮುಖವಿಲ್ಲ, ಮನೆಯಿಲ್ಲ, ಸೀರೆಯಿಲ್ಲ. ಬಾಗಿಲು ತೆರೆದದ್ದನ್ನೂ ಮಾತಿನಲ್ಲೇ ಕಾಣಿಸಬೇಕು. ಅದೇ ವಿದ್ಯೆ ಟಿ.ವಿ.ಗೂ ಸಾಕು ಅಂತ ನಂಬಿ ಬಂದವಳಿಗೆ ಹಿರಿಯ ಸಂಭಾಷಣೆಕಾರರೊಬ್ಬರ ಬಳಿ ಸಂಚಿಕೆಗಳ ನಕಲು ತೆಗೆಯುವ ಕೆಲಸ ಸಿಕ್ಕಿತು. ಅವರು ಮಗ್ಗುಲಾಗಿ ಮಲಗಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲು ಬಿಟ್ಟು ಸಾಲು, ಎಡಕ್ಕೆ ಪಾತ್ರದ ಹೆಸರು. ಸಂಜೆ ಪ್ರೊಡಕ್ಷನ್ ಹುಡುಗ ಬೈಕಿನಲ್ಲಿ ಬಂದು ಅದನ್ನು ಒಯ್ದು, ದಾರಿಯಲ್ಲಿ ಜೆರಾಕ್ಸ್ ಮಾಡಿಸಿ ಸೆಟ್ಟಿಗೆ ಮುಟ್ಟಿಸುತ್ತಿದ್ದ.

ಸಾಲು ಬಿಟ್ಟು ಬರೆಯುವುದು ಯಾಕೆಂದು ಸೆಟ್ಟಿಗೆ ಹೋದ ಮೇಲೆ ತಿಳಿಯಿತು. ನಮ್ಮ ಧಾರಾವಾಹಿಗಳಲ್ಲಿ ಹೆಚ್ಚಿನ ಕಲಾವಿದರು ಮಾತನ್ನು ಬಾಯಿಪಾಠ ಮಾಡುವುದಿಲ್ಲ, ಮಾಡುವುದಕ್ಕೆ ಪುರಸೊತ್ತೂ ಇರುವುದಿಲ್ಲ. ಸಹಾಯಕ ನಿರ್ದೇಶಕ ಕ್ಯಾಮರಾದ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಾನೆ, ಕಲಾವಿದರು ಕಿವಿಯಲ್ಲಿ ಹಿಡಿದು ಮುಖದಲ್ಲಿ ಬಿಡುತ್ತಾರೆ. ಹಾಗಾಗಿ ವಾಕ್ಯದ ಉದ್ದವನ್ನು ವ್ಯಾಕರಣ ತೀರ್ಮಾನಿಸುವುದಿಲ್ಲ, ಆ ಹುಡುಗನ ಉಸಿರು ತೀರ್ಮಾನಿಸುತ್ತದೆ. ಅವನು ಒಂದು ಗುಕ್ಕಿಗೆ ಹೇಳಲಾರದ ವಾಕ್ಯವನ್ನು ನಟಿ ಎರಡು ತುಂಡು ಮಾಡಿ ಹೇಳುತ್ತಾಳೆ, ಅರ್ಥ ನಡುವೆ ಬಿದ್ದು ಹೋಗುತ್ತದೆ. ಕ್ರಿಯಾಪದ ಕೊನೆಗೇ ಬರುವ ನಮ್ಮ ನುಡಿಯಲ್ಲಿ ಇದು ಇನ್ನೂ ಕಷ್ಟ. ಸಿಟ್ಟೋ ಬೇಡಿಕೆಯೋ ಅನ್ನುವುದು ವಾಕ್ಯ ಮುಗಿಯುವವರೆಗೆ ನಟಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಭಾವ ಮೊದಲು ಬರುವ ಹಾಗೆ ಮಾತನ್ನು ತಿರುಗಿಸಿ ಇಡಬೇಕು. "ನೀನು ನಿನ್ನೆ ರಾತ್ರಿ ಅವರ ಮನೆಗೆ ಹೋಗಿದ್ದನ್ನ ನಾನು ಕ್ಷಮಿಸಲ್ಲ" ಅಂತ ಬರೆಯುವುದಿಲ್ಲ. "ಕ್ಷಮಿಸಲ್ಲ ನಾನು. ಅವರ ಮನೆಗ್ಯಾಕೆ ಹೋದೆ?" ಅಂತ ಬರೆಯುತ್ತೇವೆ. ಯಾವ ಕಾಲೇಜಿನಲ್ಲೂ ಹೇಳಿಕೊಡದ ಇಂಥವನ್ನು ನಾನು ಕಲಿತದ್ದು ಸೆಟ್ಟಿನ ಹಿಂಬದಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು.

ಆ ಮೊದಲ ವರ್ಷಗಳ ದೃಶ್ಯವೊಂದು ಈಗಲೂ ನನಗೆ ಅಳತೆಗೋಲು. ಗಂಡನಿಗೆ ಕೆಲಸ ಹೋಗಿದೆ, ಹೆಂಡತಿಗೆ ಹೇಳಿಲ್ಲ, ದಿನಾ ಆಫೀಸಿಗೆಂದು ಹೊರಟು ಪಾರ್ಕಿನಲ್ಲಿ ಕೂತು ಬರುತ್ತಿದ್ದಾನೆ. ಅವಳಿಗೆ ಗೊತ್ತಾಗುವ ಸೀನು. ನಾನು ಎರಡು ಪುಟ ಬರೆದಿದ್ದೆ: ನಾನು ನಿಮ್ಮ ಹೆಂಡತಿ ಅಲ್ಲವಾ, ಕಷ್ಟದಲ್ಲಿ ಪಾಲು ಕೇಳುವ ಹಕ್ಕು ನನಗಿಲ್ಲವಾ, ಹೀಗೆ. ಆ ಪಾತ್ರ ಮಾಡುತ್ತಿದ್ದವರು ಹುಬ್ಬಳ್ಳಿ ಕಡೆಯ ನಾಟಕ ಕಂಪನಿಗಳಲ್ಲಿ ಪಳಗಿದ ನಟಿ. ಹಾಳೆ ಓದಿ, ನನ್ನನ್ನು ಕರೆದು, ನಮ್ಮ ಸೀಮೆಯ ಮಾತಿನಲ್ಲೇ ಕೇಳಿದರು: "ಯವ್ವಾ, ಇಷ್ಟು ಮಾತು ಬರೋ ಹೆಣಮಗಳಿಗೆ ಗಂಡನ ಮಾರಿ ನೋಡಿದ್ರ ತಿಳಿಯೂದಿಲ್ಲೇನು?" ಆಮೇಲೆ ನಾವಿಬ್ಬರೂ ಕೂತು ಸೀನು ಕಟ್ಟಿದೆವು. ಗಂಡ ಬಂದು ಚಪ್ಪಲಿ ಬಿಡುತ್ತಾನೆ. ಅವಳು ಅವನ ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ತೊಳೆಯಲು ಹಾಕುತ್ತಾಳೆ. ನೀರು ಬಿಟ್ಟುಕೊಂಡು, ಬೆನ್ನು ತಿರುಗಿಸಿಯೇ ಕೇಳುತ್ತಾಳೆ: "ನಾಳೆಯಿಂದ ಡಬ್ಬಿ ಕಟ್ಟಬೇಕಾ, ಬೇಡವಾ?" ಅಷ್ಟೇ. ಲೈಟ್ ಹಿಡಿದಿದ್ದ ಹುಡುಗರೂ ಒಂದು ಗಳಿಗೆ ಸುಮ್ಮನಾದರು.

ಆದರೆ ಈ ಕಥೆಗೆ ಎರಡನೆಯ ಭಾಗವಿದೆ. ಆ ಸೀನು ಒಂದು ನಿಮಿಷವೂ ಬರಲಿಲ್ಲ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ ಅಂತ ಕೇಬಲ್ ಟಿ.ವಿ. ನಿಯಮ ಹೇಳುತ್ತದೆ. ಅರ್ಧ ಗಂಟೆಯಲ್ಲಿ ಅದನ್ನೂ, ಹಿಂದಿನ ಸಂಚಿಕೆಯ ಮೆಲುಕನ್ನೂ, ಶೀರ್ಷಿಕೆಯನ್ನೂ ಕಳೆದರೆ ನಾವು ತುಂಬಬೇಕಾದದ್ದು ಸುಮಾರು 22 ನಿಮಿಷ. ದಿನಾ ತುಂಬಬೇಕು. ಸೋಮವಾರದಿಂದ ಶುಕ್ರವಾರ ಇದ್ದದ್ದು ಶನಿವಾರಕ್ಕೂ ಹಬ್ಬಿತು, ಕೆಲವು ಧಾರಾವಾಹಿಗಳು ಒಂದು ಗಂಟೆಯವಾದವು. ಒಂದೇ ಮಾತಿನಲ್ಲಿ ಮುಗಿಸುವ ಚಂದ ಎಷ್ಟೇ ಇರಲಿ, ಎಲ್ಲ ಸೀನನ್ನೂ ಹಾಗೆ ಬರೆದರೆ ವಾರದ ಕಥೆ ಬುಧವಾರಕ್ಕೇ ಖಾಲಿ. ಹಾಗಾಗಿ ದಿನವಹಿ ಬರೆಯುವವರ ಜಾಣತನ ಇರುವುದು ಎಲ್ಲಿ ಎಳೆಯಬೇಕು, ಎಲ್ಲಿ ಬಿಗಿಯಬೇಕು ಅನ್ನುವುದರಲ್ಲಿ. ಹಬ್ಬದ ಸೀನು ಎಳೆಯಬಹುದು, ಮನೆಮಂದಿ ಊಟಕ್ಕೆ ಕೂತದ್ದನ್ನು ಎಳೆಯಬಹುದು, ಇಬ್ಬರು ಅಡುಗೆಮನೆಯಲ್ಲಿ ಮೂರನೆಯವರನ್ನು ಆಡಿಕೊಳ್ಳುವುದನ್ನಂತೂ ಎಷ್ಟು ಬೇಕಾದರೂ ಎಳೆಯಬಹುದು. ನಿಜವಾದ ಪೆಟ್ಟು ಬೀಳುವ ಜಾಗವನ್ನು ಮಾತ್ರ ಎಳೆಯಬಾರದು. ಚಾನೆಲ್‌ನವರು ಹೇಳುವುದು ಸರಿಯಾಗಿ ಇದರ ಉಲ್ಟಾ: "ಮೇಡಂ, ಆ ಎಮೋಷನ್ ಇನ್ನೊಂದೆರಡು ಸೀನ್ ಹೋಗಲಿ." ನನ್ನ ವೃತ್ತಿಯ ಬಹುಪಾಲು ಈ ಒಂದು ವಾಕ್ಯದ ಜೊತೆಗಿನ ಚೌಕಾಸಿಯಲ್ಲಿ ಕಳೆದಿದೆ.

ಎರಡನೆಯ ಚೌಕಾಸಿ ನನ್ನ ಊರಿನ ಮಾತಿಗೆ ಸಂಬಂಧಿಸಿದ್ದು. "ಸ್ವಲ್ಪ ಉತ್ತರ ಕರ್ನಾಟಕ ಟಚ್ ಕೊಡಿ" ಅಂತ ಯಾರಾದರೂ ಹೇಳಿದರೆ ಅದು ಯಾವ ಪಾತ್ರಕ್ಕೆ ಅಂತ ನಾನು ಕೇಳುವುದೇ ಇಲ್ಲ. ಅಡುಗೆಯವನು, ಡ್ರೈವರ್, ಇಲ್ಲವೇ ನಾಯಕನ ಪೆದ್ದು ಗೆಳೆಯ. ನಾಯಕಿ ಅಳಬೇಕಾದರೆ ಬೆಂಗಳೂರು-ಮೈಸೂರಿನ ಮಾತಿನಲ್ಲೇ ಅಳಬೇಕು. ಗದಗದಲ್ಲಿ ಜನ ಅಳುವುದಿಲ್ಲವೇ, ಪ್ರೀತಿ ಮಾಡುವುದಿಲ್ಲವೇ, ಆಸ್ತಿಗಾಗಿ ಕೋರ್ಟಿಗೆ ಹೋಗುವುದಿಲ್ಲವೇ ಅಂತ ಕೇಳಿ ಕೇಳಿ ಸಾಕಾಗಿ, ಬೇರೆ ದಾರಿ ಹಿಡಿದೆ. ಪೆದ್ದನ ಬಾಯಲ್ಲೇ ಮನೆಯವರು ಯಾರೂ ಹೇಳಲಾರದ ನಿಜವನ್ನು ಇಟ್ಟೆ. ಹಾಗೆ ಬರೆದ ಡ್ರೈವರ್ ಒಬ್ಬ ಯಜಮಾನನಿಗೆ, "ಸಾಹೇಬ್ರ, ಗಾಡಿ ನಿಮ್ದು, ರೊಕ್ಕಾ ನಿಮ್ದು, ಹಾದಿ ಮಾತ್ರ ಎಲ್ಲಾರ್ದು" ಅಂದದ್ದಕ್ಕೆ ಪ್ರೇಕ್ಷಕರು ಅವನ ಪಾತ್ರ ಬೆಳೆಸಿ ಅಂತ ಕೇಳಿದರು. ಟಚ್ ಕೊಡಲು ಬಂದವನು ಧಾರಾವಾಹಿ ಮುಗಿಯುವವರೆಗೆ ಉಳಿದ. ಅವ್ವ ಈಗಲೂ ಫೋನಿನಲ್ಲಿ, "ಏನವಾ, ಈ ವರ್ಷಾನೂ ಅತ್ತಿ-ಸೊಸಿಗೆ ಜಗಳಾ ಹಚ್ಚೂದ ಆತೇನು?" ಅಂತ ಕೇಳುತ್ತಾಳೆ. ಆ ಡ್ರೈವರ್ ಇದ್ದಷ್ಟು ದಿನ ಮಾತ್ರ ಕೇಳಲಿಲ್ಲ.

ಈ ಚೌಕಾಸಿಗಳ ನಡುವೆ ನನ್ನ ಹೊಟ್ಟೆಗೆ ಹಾಕಿದ್ದು ರೀಮೇಕ್. ಕನ್ನಡಕ್ಕೆ ಡಬ್ಬಿಂಗ್ ಬರಬಾರದು ಅಂತ ಉದ್ಯಮ ದಶಕಗಳ ಕಾಲ ಗಟ್ಟಿಯಾಗಿ ನಿಂತಿದ್ದರಿಂದ, ಹಿಂದಿ, ತಮಿಳು, ಮರಾಠಿಯಲ್ಲಿ ಗೆದ್ದ ಧಾರಾವಾಹಿಗಳನ್ನು ಇಲ್ಲಿ ಹೊಸದಾಗಿ ಚಿತ್ರೀಕರಿಸುವುದು ರೂಢಿಯಾಯಿತು. ಬರೆಯುವವರಿಗೆ ಅದರಿಂದ ಕೆಲಸ ಹುಟ್ಟಿತು. ರೀಮೇಕ್ ಅಂದರೆ ನಕಲು ಅಂತ ಮೂಗು ಮುರಿಯುವವರಿಗೆ ನಾನು ಕರ್ವಾ ಚೌತ್‌ನ ಕಥೆ ಹೇಳುತ್ತೇನೆ. ಮೂಲದಲ್ಲಿ ನಾಯಕಿ ಗಂಡನಿಗಾಗಿ ಉಪವಾಸವಿದ್ದು, ಜರಡಿಯ ಮೂಲಕ ಚಂದ್ರನನ್ನು ನೋಡುವ ದೊಡ್ಡ ಸೀಕ್ವೆನ್ಸ್. ಒಂದು ವಾರದ ಕಥೆ ಅದರ ಮೇಲೆ ನಿಂತಿದೆ. ನಮ್ಮಲ್ಲಿ ಆ ವ್ರತವಿಲ್ಲ. ಹತ್ತಿರದ್ದೆಂದರೆ ಆಷಾಢದ ಭೀಮನ ಅಮಾವಾಸ್ಯೆ, ಆದರೆ ಅಮಾವಾಸ್ಯೆಯ ದಿನ ಚಂದ್ರನನ್ನು ಎಲ್ಲಿಂದ ತರುವುದು? ನಮ್ಮ ಸೀಮೆಯಲ್ಲಿ ಈ ವ್ರತ ಮಾಡುವುದನ್ನು ನಾನು ಕಂಡಿರಲಿಲ್ಲ. ಹನುಮಂತನಗರದಲ್ಲಿ ಬಾಡಿಗೆಗಿದ್ದ ಮನೆಯ ಒಡತಿ ವಿವರವಾಗಿ ಹೇಳಿದರು. ಪೂಜೆ ಮುಗಿದ ಮೇಲೆ ಹೊಸಿಲ ಮೇಲೆ ಕಡುಬಿನೊಳಗೆ ದುಡ್ಡಿಟ್ಟು ಮಾಡಿದ ಭಂಡಾರವನ್ನು ತಮ್ಮನೋ ಅಣ್ಣನೋ ಮೊಣಕೈಯಿಂದ ಒಡೆಯುತ್ತಾನೆ, ಅಕ್ಕತಂಗಿಯರು ಅವನ ಬೆನ್ನಿಗೆ ಗುದ್ದುತ್ತಾರೆ. ನಮ್ಮ ನಾಯಕಿ ಅನಾಥೆ. ಭಂಡಾರ ಒಡೆಯಲು ಯಾರಿದ್ದಾರೆ? ಅಲ್ಲಿಯವರೆಗೆ ಅವಳನ್ನು ಕಂಡರಾಗದ ಮೈದುನ, ಯಾರೂ ಕರೆಯದೆ, ಬಂದು ಹೊಸಿಲ ಮುಂದೆ ಕೂರುತ್ತಾನೆ. ಈ ಸೀನಿಗೆ ಮೂಲದಲ್ಲಿ ಬೀಜವೇ ಇರಲಿಲ್ಲ. ಆ ವಾರ ಹೆಚ್ಚು ಮಾತಾದದ್ದು ಅದೇ. ಹಬ್ಬ ಬದಲಾದ್ದರಿಂದ ಚಂದ್ರನ ಬೆಳಕಿನ ಪ್ರೇಮದೃಶ್ಯ ಹೋಯಿತು, ಅಣ್ಣತಂಗಿಯ ನೆಂಟಸ್ತಿಕೆ ಬಂತು, ಮುಂದಿನ ಕಥೆಯ ದಿಕ್ಕೇ ಬೇರೆಯಾಯಿತು.

ಡಬ್ಬಿಂಗ್ ಮೇಲಿನ ತಡೆ ಸ್ಪರ್ಧಾತ್ಮಕತೆಗೆ ವಿರುದ್ಧ ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. ಆದರೂ ಧಾರಾವಾಹಿಗಳ ಮಟ್ಟಿಗೆ ಬಾಗಿಲು ಅಗಲವಾಗಿ ತೆರೆದದ್ದು 2020ರಲ್ಲಿ. ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತು, ಚಾನೆಲ್‌ಗಳ ಬಳಿ ಮೊದಲೇ ಚಿತ್ರೀಕರಿಸಿಟ್ಟಿದ್ದ ಸಂಚಿಕೆಗಳೂ ತೀರಿಹೋದಾಗ, ಹಿಂದಿಯ ಮಹಾಭಾರತ ಕನ್ನಡದಲ್ಲಿ ಮಾತಾಡತೊಡಗಿತು. ಮನೆಯವರೆಲ್ಲ ಚಂದ ಬಂದಿದೆ ಅಂತ ನೋಡುತ್ತಿದ್ದರು, ನಾನು ಪಕ್ಕದಲ್ಲಿ ಕೂತು ತುಟಿ ನೋಡುತ್ತಿದ್ದೆ. ಆಮೇಲೆ ಆ ಕೆಲಸ ನನಗೂ ಬಂತು. ಡಬ್ಬಿಂಗ್ ಬರವಣಿಗೆಯಲ್ಲಿ ಯಜಮಾನಿಕೆ ಪ, ಬ, ಮ ಎಂಬ ಮೂರು ಅಕ್ಷರಗಳದು. ನಟನ ತುಟಿ ಮುಚ್ಚಿಕೊಂಡ ಕ್ಷಣದಲ್ಲಿ ನನ್ನ ವಾಕ್ಯದಲ್ಲೂ ಇವುಗಳಲ್ಲೊಂದು ಬೀಳಬೇಕು, ತೆರೆದಿದ್ದಾಗ ಬೀಳಬಾರದು. ಅರ್ಥ ಸರಿ, ಉದ್ದ ಸರಿ, ತುಟಿ ಸರಿ, ಮೂರೂ ಕೂಡಿಬರುವ ವಾಕ್ಯ ಸಿಕ್ಕಿದಾಗ ಸುಡೊಕು ಬಿಡಿಸಿದ ಸಂತೋಷ. ದುಡ್ಡು ಮಾತ್ರ ಹೊಸ ಸಂಭಾಷಣೆಗೆ ಕೊಡುವುದಕ್ಕಿಂತ ಕಡಿಮೆ. "ಬರೆದದ್ದು ಇದೆಯಲ್ಲ ಮೇಡಂ, ಕನ್ನಡಕ್ಕೆ ಹಾಕೋದಷ್ಟೇ" ಅನ್ನುತ್ತಾರೆ.

2021ರ ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದಾಗ ನಮ್ಮ ಹಲವು ಧಾರಾವಾಹಿಗಳು ಗಂಟುಮೂಟೆ ಕಟ್ಟಿ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋದವು. ನಾನು ಬೆಂಗಳೂರಿನಲ್ಲೇ ಕೂತು ಬರೆಯುತ್ತಿದ್ದೆ. ರಾತ್ರಿ ಒಂದು ಮೆಸೇಜು ಬರುತ್ತಿತ್ತು: ನಾಳೆ ಯಾರು ಯಾರು ಇದ್ದಾರೆ, ಯಾರು ಕ್ವಾರಂಟೈನ್. ಮಾವ ಪಾಸಿಟಿವ್ ಆದರೆ ಅವರು ಕಥೆಯಲ್ಲಿ ಕಾಶಿಯಾತ್ರೆಗೆ ಹೋಗಬೇಕು, ಅತ್ತೆ ಬರಲಾಗದಿದ್ದರೆ ಅವರು ಪಕ್ಕದ ಕೋಣೆಯಲ್ಲಿ ಮೌನವ್ರತ ಹಿಡಿಯಬೇಕು. ಬಾಗಿಲಿನಾಚೆಯ ಮೌನವ್ರತದ ಮೇಲೆ ಬಹಳ ಸಂಚಿಕೆ ಓಡಿಸಿದೆ. ವೈರಸ್ಸಿನ ಹೆಸರು ಕಥೆಯಲ್ಲಿ ಎತ್ತುವಂತಿರಲಿಲ್ಲ. ಜನ ಅದನ್ನು ಮರೆಯಲೆಂದೇ ನಮ್ಮನ್ನು ನೋಡುತ್ತಿದ್ದಾರೆ ಅನ್ನುವುದು ಚಾನೆಲ್‌ನ ಸೂಚನೆ. ಅದು ಸರಿಯೇ ಇತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನನ್ನ ಮನೆಯಲ್ಲೂ ರಾತ್ರಿ ಸುದ್ದಿ ವಾಹಿನಿ ಆರಿಸಿ ಧಾರಾವಾಹಿ ಹಾಕುತ್ತಿದ್ದರು.

ಸಾಹಿತ್ಯದ ಸಭೆಗಳಲ್ಲಿ ಯಾರಾದರೂ, "ಸೀರಿಯಲ್ ಬರೀತೀರಂತೆ?" ಅಂತ ಕೇಳುವ ದನಿ ನನಗೆ ಚೆನ್ನಾಗಿ ಗೊತ್ತು. ಅವರಿಗೆ ನಾನು ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರು ಹೇಳುತ್ತೇನೆ. ಗುಬ್ಬಿ ಕಂಪನಿಗೆ ನಾಟಕ ಬರೆದವರು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಂಭಾಷಣೆ, ಹಾಡು ಎರಡನ್ನೂ ಬರೆದವರು. ಅದೇ ಗುಬ್ಬಿ ಕಂಪನಿಗೆ ‘ಕುರುಕ್ಷೇತ್ರ’ ಬರೆದುಕೊಟ್ಟ ಬಿ. ಪುಟ್ಟಸ್ವಾಮಯ್ಯನವರು ಮುಂದೆ ‘ಕ್ರಾಂತಿ ಕಲ್ಯಾಣ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕಂಪನಿಯ ನಾಟಕಕಾರ ತನ್ನ ನಟರ ಗಂಟಲು ನೋಡಿ, ಊರಿನ ಜನ ನೋಡಿ, ಟಿಕೆಟ್ಟಿನ ಗಲ್ಲಾ ನೋಡಿ ಬರೆಯುತ್ತಿದ್ದ. ನಾವೂ ಹಾಗೇ. ಕೂಲಿಗೆ ಬರೆಯುವುದು ಕನ್ನಡದಲ್ಲಿ ಹೊಸ ಪಾಪವೇನಲ್ಲ. ಒಂದು ವ್ಯತ್ಯಾಸ ಮಾತ್ರ ಇದೆ: ನಾಟಕದ ಪುಸ್ತಕ ಸಂತೆಯಲ್ಲಾದರೂ ಮಾರಾಟಕ್ಕೆ ಸಿಗುತ್ತಿತ್ತು, ಲೇಖಕರ ಹೆಸರು ರಟ್ಟಿನ ಮೇಲೆ ಇರುತ್ತಿತ್ತು. ನಾನು ಬರೆದ ಹಾಳೆಗಳು ಷೆಡ್ಯೂಲ್ ಮುಗಿದ ಸಂಜೆ ಬೋಂಡಾ ಕಟ್ಟಲು ಬಳಕೆಯಾಗಿವೆ, ಕಣ್ಣಾರೆ ಕಂಡಿದ್ದೇನೆ.

ಕಾನೂನು ನಮ್ಮ ಪರವಾಗಿದೆ ಅನ್ನುವುದು ಬಹಳ ಜನ ಬರಹಗಾರರಿಗೇ ತಿಳಿದಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು, ಸಿನಿಮಾದ ಬೇರೆ ಬಗೆಯ ಬಳಕೆಗೆ ಸಿಗಬೇಕಾದ ರಾಯಧನದ ಸಮಪಾಲನ್ನು ಅದರಲ್ಲಿ ಅಡಕವಾದ ಸಾಹಿತ್ಯ, ಸಂಗೀತದ ಕರ್ತೃಗಳು ಬರೆದುಕೊಟ್ಟು ಕಳೆದುಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದವರು ಜಾವೇದ್ ಅಖ್ತರ್. ಆದರೆ ನನಗೆ ಸಹಿ ಹಾಕಲು ಬರುವ ಒಪ್ಪಂದಗಳಲ್ಲಿ "ಜಗತ್ತಿನಾದ್ಯಂತ, ಈಗ ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ" ಎಂಬ ಧಾಟಿಯ ಮಾತು ತಪ್ಪುವುದಿಲ್ಲ. ಎಷ್ಟೋ ಸಲ ಒಪ್ಪಂದವೇ ಇರುವುದಿಲ್ಲ, ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಇರುತ್ತದೆ. ಬೇಡ ಅಂದರೆ ಬರೆಯಲು ಇನ್ನೊಬ್ಬರು ಕಾದಿದ್ದಾರೆ. ಅವರಿಗೂ ಮನೆ ಬಾಡಿಗೆ ಇದೆ, ದೂರುವಂತಿಲ್ಲ.

ಈ ವರ್ಷ ಇದಕ್ಕೊಂದು ಹೊಸ ಅಧ್ಯಾಯ ಸೇರಿತು. ಹೊಸ ನಿರ್ಮಾಣ ಸಂಸ್ಥೆಯೊಂದರಿಂದ ಬಂದ ಫೈಲಿನಲ್ಲಿ ಒಂದು ತಿಂಗಳ ಒನ್‌ಲೈನ್ ಸಿದ್ಧವಾಗಿತ್ತು. ಎಐ ಬರೆದುಕೊಟ್ಟದ್ದು, ನೀವು ಪಾಲಿಶ್ ಮಾಡಿದರೆ ಸಾಕು, ಅದಕ್ಕೆ ತಕ್ಕ ರೇಟು ಅಂದರು. ಓದಿದೆ. ಕೆಟ್ಟದಾಗೇನೂ ಇರಲಿಲ್ಲ. ತಿರುವುಗಳೆಲ್ಲ ಇರಬೇಕಾದ ಜಾಗದಲ್ಲೇ ಇದ್ದವು. ನಾವೇ ಇಷ್ಟು ವರ್ಷ ಬರೆದು ಹಾಕಿದ ತಿರುವುಗಳು. ಆದರೆ ಮನೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮನಸ್ಸಿನಲ್ಲಿದ್ದದ್ದನ್ನು ಪೂರ್ತಿ ವಾಕ್ಯಗಳಲ್ಲಿ ಹೇಳುತ್ತಿದ್ದರು. ಸೊಸೆ ಅತ್ತೆಗೆ, ಅತ್ತೆ ಮಗನಿಗೆ, ಮಗ ಅಪ್ಪನಿಗೆ. ನಾನು ಕಂಡ ಯಾವ ಕನ್ನಡದ ಮನೆಯಲ್ಲೂ ಹಾಗೆ ಮಾತಾಡುವುದಿಲ್ಲ. ಅತ್ತೆಯ ಮೇಲಿನ ಸಿಟ್ಟು ಮಗುವಿನ ಬೆನ್ನಿಗೆ ಬೀಳುತ್ತದೆ, ಮಗನಿಗೆ ಹೇಳಬೇಕಾದದ್ದನ್ನು ಅಪ್ಪ ಹಾಲಿನವನಿಗೆ ಕೇಳಿಸುವ ಹಾಗೆ ಹೇಳುತ್ತಾರೆ. ಪಾಲಿಶ್ ಅಂದರೆ ಅಷ್ಟನ್ನೂ ಬಿಚ್ಚಿ ಮತ್ತೆ ಕಟ್ಟುವುದು, ಅಂದರೆ ಪೂರ್ತಿ ಬರೆಯುವುದು. ಅರ್ಧ ರೇಟಿಗೆ ಪೂರ್ತಿ ಕೆಲಸ ಒಲ್ಲೆ ಅಂದು ಫೈಲು ಹಿಂತಿರುಗಿಸಿದೆ. ಹಾಗೆ ಹೇಳುವಷ್ಟು ದುಡ್ಡು ಬ್ಯಾಂಕಿನಲ್ಲಿ ಇದ್ದದ್ದು ಡಬ್ಬಿಂಗ್ ಕೆಲಸದ ಪುಣ್ಯ.

ನನ್ನದೇ ಕಥೆ ಅಂತ ಇರುವುದರ ಲೆಕ್ಕ ಚಿಕ್ಕದು. ಒಂದು ವೆಬ್ ಸರಣಿಗಾಗುವಷ್ಟು ಬರೆದಿಟ್ಟಿದ್ದೇನೆ, ಗದಗದ ಮುದ್ರಣಾಲಯವೊಂದರ ಸುತ್ತ ನಡೆಯುವ ಕಥೆ. ಕನ್ನಡದ ಸ್ವಂತ ಸರಣಿಗಳಿಗೆ ಒಟಿಟಿಗಳು ಈಗೀಗ ಬಾಗಿಲು ಸರಿಸುತ್ತಿವೆ. 2024ರಲ್ಲಿ ‘ಏಕಂ’ ತಂಡದವರು ಕೊಳ್ಳುವವರು ಸಿಗದೆ ತಮ್ಮದೇ ಜಾಲತಾಣದಲ್ಲಿ ಸರಣಿ ಬಿಡುಗಡೆ ಮಾಡಬೇಕಾಯಿತು. ಮರುವರ್ಷ ಜೀ5ರಲ್ಲಿ ‘ಅಯ್ಯನ ಮನೆ’ ಬಂತು. ಇವೆರಡರ ನಡುವೆ ಎಲ್ಲೋ ನನ್ನ ಕಥೆಗೂ ಜಾಗ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಬರೆದದ್ದು ಧಾರಾವಾಹಿಯ ಬಿಡುವಿನಲ್ಲಿ. ಧಾರಾವಾಹಿ ನನ್ನ ಕೈ ಕೆಡಿಸಿತು ಅಂತ ಹೇಳುವವರ ಮಾತು ಈ ಹಾಳೆಗಳಿಗೆ ಅನ್ವಯಿಸುವುದಿಲ್ಲ. ಪ್ರಾಂಪ್ಟಿಂಗ್ ಹುಡುಗನ ಉಸಿರಿಗೆ ತಕ್ಕಂತೆ ಬರೆದು ಬರೆದು ಬಂದ ಬಿಗಿ ಇದರಲ್ಲೂ ಇದೆ.

ಹಾಗಾದರೆ ಸರ್ವೀಸ್ ಬುಕ್ಕಿನಲ್ಲಿ ಏನು ಬರೆಯುವುದು? ಧಾರಾವಾಹಿಗಳ ಹೆಸರು ಬಿಟ್ಟೆ, ಟಿಆರ್‌ಪಿ ಬಿಟ್ಟೆ, ಸಂಚಿಕೆಗಳ ಸಂಖ್ಯೆಯನ್ನೂ ಬಿಟ್ಟೆ. ಅಪ್ಪನ ಪುಸ್ತಕದಲ್ಲಿ ಯಾವ ಶಾಲೆಗೆ ಯಾವಾಗ ವರ್ಗವಾಯಿತು ಅಂತ ಇತ್ತು,  ಯಾವ ಹುಡುಗನಿಗೆ ಮಗ್ಗಿ ಬಂತು ಅಂತ ಇರಲಿಲ್ಲ. ನನ್ನ ಗುಮಾಸ್ತಿಕೆ ನನ್ನದೇ ಆದ್ದರಿಂದ ಮಗ್ಗಿಯನ್ನೇ ಬರೆಯುತ್ತೇನೆ: ಕ್ರಿಯಾಪದಕ್ಕೆ ಕಾಯದೆ ಸಿಟ್ಟು ತೋರಿಸಲು ಬಂತು. ಎರಡು ಪುಟವನ್ನು ಒಂದು ಡಬ್ಬಿಯಲ್ಲಿ ಹಿಡಿಸಲು ಬಂತು. ಪೆದ್ದನ ಬಾಯಲ್ಲಿ ನಿಜ ಹೇಳಿಸಲು ಬಂತು. ಚಂದ್ರನಿಲ್ಲದ ರಾತ್ರಿಯಲ್ಲೂ ಹಬ್ಬದ ಸೀನು ಬರೆಯಲು ಬಂತು. ಇವು ಯಾರ ಕೃತಿಸ್ವಾಮ್ಯಕ್ಕೂ ಸೇರುವುದಿಲ್ಲ, ಯಾವ ಒಪ್ಪಂದದಲ್ಲೂ ಇವನ್ನು ಶಾಶ್ವತವಾಗಿ ಬರೆಸಿಕೊಳ್ಳಲು ಆಗುವುದಿಲ್ಲ. ಮುಂದಿನ ಕೆಲಸಕ್ಕೆ ನಾನು ಕೇಳುವ ದುಡ್ಡು ಇವಕ್ಕೆ, ತುಂಬಿದ ಹಾಳೆಗಳಿಗಲ್ಲ.

ಜನವರಿ ಮೊದಲ ವಾರದಲ್ಲಿ ಹೊಸ ಧಾರಾವಾಹಿಯೊಂದರ ಮೀಟಿಂಗ್ ಇದೆ. ಪದ್ಮನಾಭನಗರದ ಆಫೀಸು, ಕಾಫಿ ಚೆನ್ನಾಗಿರುತ್ತದೆ. ಕಥೆ ಕೇಳುವ ಮೊದಲು ನಾನು ಮೂರು ವಿಷಯ ಕೇಳಬೇಕೆಂದು ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೇನೆ. ಪ್ರಸ್ತಾವ ಬರೆಯುವುದಕ್ಕೆ ಎಷ್ಟು ಕೊಡುತ್ತೀರಿ, ಚಾನೆಲ್ ಒಪ್ಪದಿದ್ದರೂ? ವೈಂಡಪ್ ಅನ್ನುವುದಾದರೆ ಎಷ್ಟು ದಿನ ಮೊದಲು ಬಾಯಿಬಿಟ್ಟು ಹೇಳುತ್ತೀರಿ? ಮನೆಕೆಲಸದವಳು ನಮ್ಮ ಕಡೆಯ ಮಾತಾಡುವುದಾದರೆ ಆಡಲಿ, ಆದರೆ ನಾಯಕಿಯೂ ಆಡಬಹುದೇ? ಮೊದಲ ಎರಡಕ್ಕೆ "ನೋಡೋಣ ಮೇಡಂ" ಅನ್ನುತ್ತಾರೆಂದು ಗೊತ್ತಿದೆ, ಅಲ್ಲಿಂದ ಚೌಕಾಸಿ ಶುರು ಮಾಡಿದರಾಯಿತು. ಮೂರನೆಯದಕ್ಕೆ ಹೂಂ ಅಂದರೆ ರೇಟಿನಲ್ಲಿ ಸ್ವಲ್ಪ ಇಳಿಯುತ್ತೇನೆ. ಇದನ್ನು ಮಾತ್ರ ಅವರಿಗೆ ಮೊದಲೇ ಹೇಳುವುದಿಲ್ಲ.